ಎರಡನೆಯ ಸಾಕ್ಷಿ

ಖಾನೆ ಖಾಲಿಯಾಗಿತ್ತು.

ಸಬ್ ಇನ್‌ಸ್ಪೆಕ್ಟರ್ ಚೆಲುವರಾಜು ಬೂಟು ಕಳಚಿ, ಕಾಲು ತೊಳೆದು, ದೇವರ ಮನೆಯ ಹೊಸ್ತಿಲ ಮೇಲಿಂದ ಬಗ್ಗಿ ನೋಡಿದ. ಮಂಟಪದ ಅಡಿಯಲ್ಲಿ ಮರದ ಖಾನೆ. ಒಳಗೆ ಎರಡು ಕರ್ಪೂರದ ಚೂರು. ಅಷ್ಟೇ.

"ಇಲ್ಲೇ ಇತ್ತು," ಎಂದಳು ಅಂಬುಜಾ. "ದೊಡ್ಡಪ್ಪ ನನ್ನ ಕಣ್ಣೆದುರಿಗೇ ಇಟ್ರು. ವಿಲ್ಲು."

ಚಾಮರಾಜಪುರಂನ ಅಶ್ವತ್ಥಯ್ಯನವರು ತೀರಿಕೊಂಡದ್ದು ೧೯೬೧ರ ಮೇ ಹದಿನೈದು, ಸೋಮವಾರ, ಬೆಳಗಿನ ಜಾವ. ಇವತ್ತು ಹನ್ನೊಂದನೆಯ ದಿನ. ಬೆಳಿಗ್ಗೆ ಶುದ್ಧವಾಯಿತು. ಅಂಬುಜಾ ಮೊದಲು ಎಳೆದದ್ದು ಈ ಖಾನೆಯನ್ನು. ನೇರ ಸ್ಟೇಷನ್ನಿಗೆ ಬಂದಿದ್ದಳು.

ಅವಳು ಅಶ್ವತ್ಥಯ್ಯನವರ ಹೆಂಡತಿಯ ತಂಗಿಯ ಮಗಳು. ನಾಲ್ಕು ವರ್ಷದ ತಬ್ಬಲಿಯಾಗಿ ಬಂದಳು. ಮದುವೆಯಾಗಿ ಹೋದಳು. ಗಂಡ ವರ್ಷದೊಳಗೇ ಸತ್ತ. ಮತ್ತೆ ಬಂದಳು. ಆ ದಂಪತಿಗೆ ಮಕ್ಕಳಿರಲಿಲ್ಲ, ಅವಳೇ ಮಗಳು. ಕಾನೂನಿಗೆ ಮಾತ್ರ ಅವಳು ಯಾರೂ ಅಲ್ಲ. ಆ ಕಾಗದವಿದ್ದರೆ ಮನೆ ಅವಳದು. ಇಲ್ಲದಿದ್ದರೆ ಅಶ್ವತ್ಥಯ್ಯನವರ ತಮ್ಮನ ಮಗ ಸುಂದರೇಶನದು. ತಿಂಗಳ ಕೊನೆಗೆ ಜಾಗ ಖಾಲಿ ಮಾಡು ಎಂದು ಅವನು ಆಗಲೇ ಹೇಳಿದ್ದ.

"ಹಿಂದೆ ಬರೆದದ್ದು ಯಾವುದೂ ಇಲ್ವೇನಮ್ಮ?"

"ಇದೆ. ನಲವತ್ತೊಂದರಲ್ಲಿ ರಿಜಿಸ್ಟರ್ ಮಾಡ್ಸಿದ್ದು. ಎಲ್ಲಾ ದೊಡ್ಡಮ್ಮನಿಗೆ ಅಂತ."

"ಅವರು?"

"ಹೋಗಿ ಎಂಟು ವರ್ಷ."

ಚೆಲುವರಾಜು ನಿಟ್ಟುಸಿರಿಟ್ಟ. ಸತ್ತವಳ ಹೆಸರಿಗೆ ಸತ್ತವನ ಮನೆ. "ಎಂಟು ವರ್ಷ ಅದನ್ನ ಬದಲಾಯಿಸ್ಲಿಲ್ವೆ?"

"ನಾನು ಹೇಗೆ ಕೇಳ್ಲಿ ಸಾರ್? ಯಾವಾಗ ಸಾಯ್ತೀರಿ ಅಂತ ಕೇಳ್ದ ಹಾಗಾಗೋದಿಲ್ವೆ?"

"ಈ ಹತ್ತು ದಿನ ದೇವರ ಮನೆಗೆ ಯಾರು ಬಂದಿದ್ರು?"

"ಯಾರೂ ಇಲ್ಲ. ಸೂತಕ. ನಾನಾಗಲಿ ಸುಂದರೇಶನಾಗಲಿ ಹೊಸ್ತಿಲು ತುಳಿದಿಲ್ಲ."

ಹಿಂದೆ ನಿಂತಿದ್ದ ಪೇದೆ ಕೆಂಪಯ್ಯ ಮೀಸೆಯೊಳಗೇ ಗೊಣಗಿದ. "ಕಳ್ಳಂಗೆ ಸೂತಕ ಎಲ್ಲೈತೆ ಸ್ವಾಮಿ."

* * *

ಸುಂದರೇಶ ನಡುಮನೆಯಲ್ಲಿ ಕೋಣೆಗಳ ಅಗಲವನ್ನು ಹೆಜ್ಜೆಯಲ್ಲಿ ಅಳೆಯುತ್ತಿದ್ದ. ಕರ್ಮ ಮಾಡಿದವನು, ತಲೆ ನುಣ್ಣಗಿತ್ತು. ನಂಜನಗೂಡಿನಲ್ಲಿ ಬಟ್ಟೆ ಅಂಗಡಿ.

"ಕದ್ದೋನು ನಾನೇ ಅಂತ ಬರ್ಕೊಂಡು ಬಂದಿದೀರೇನೋ?"

"ಇನ್ನೂ ಬರ್ದಿಲ್ಲ. ನೀವು ಹುಡುಕಿದ್ರಾ?"

"ಹುಡುಕ್ದೆ. ಬೀರು, ಪೆಟ್ಟಿಗೆ, ಅಟ್ಟ. ಒಂಬತ್ತನೇ ದಿನ ದೊಡ್ಡಪ್ಪನ ಹಾಸಿಗೇನೂ ಬಿಚ್ದೆ. ಸಿಕ್ಕಿದ್ರೆ ಹಂಡೆ ಒಲೆಗೆ ಹಾಕ್ತಿದ್ದೆ. ಅದನ್ನೂ ಬರ್ಕೊಳ್ಳಿ."

ಮೂಲೆಯಲ್ಲಿ ಹೊಲಿಗೆ ಬಿಚ್ಚಿದ ಹಾಸಿಗೆ ಬಿದ್ದಿತ್ತು. ಹತ್ತಿ ಹೊರಗೆ ಬಂದಿತ್ತು. ಚೆಲುವರಾಜು ಅದನ್ನು ಬಹಳ ಹೊತ್ತು ನೋಡಿದ.

"ಹತ್ತನೇ ದಿನ ಎಲ್ಲಿದ್ರಿ?"

"ಪಶ್ಚಿಮವಾಹಿನಿ ಹೊಳೇಲಿ, ಕರ್ಮಕ್ಕೆ. ಪುರೋಹಿತರನ್ನ ಕೇಳಿ. ಬಂದಾಗ ದೀಪ ಹಚ್ಚಿದ್ರು."

ಬೀದಿಗೆ ಬಂದ ಮೇಲೆ ಕೆಂಪಯ್ಯ ಕೇಳಿದ, "ಒಳಗಾಕೋಣ್ವಾ ಸ್ವಾಮಿ? ಮೊಖದಲ್ಲೇ ಬರ್ದೈತೆ."

"ಮೊಖ ನೋಡಿ ಒಳಗೆ ಹಾಕೋದಾದ್ರೆ ನಿನ್ನನ್ನ ಯಾವತ್ತೋ ಹಾಕ್ಬೇಕಿತ್ತು ಕಣೋ."

ಪಕ್ಕದ ಬೀದಿಯಲ್ಲಿ ಡಾಕ್ಟರ ಕಾಂಪೌಂಡರ್ ಮರಿಸ್ವಾಮಿ ಸಿಕ್ಕ. ವಿಲ್ಲಿಗೆ ಸಾಕ್ಷಿ ಹಾಕಿದವನು.

"ಬುಧವಾರ, ಹತ್ತನೇ ತಾರೀಕು. ಸೂಜಿ ಚುಚ್ಚೋಕೆ ಹೋಗಿದ್ದೆ. ಅಯ್ನೋರು ಸಹಿ ಮಾಡಿದ್ರು, ಕೆಳಗೆ ನಾನು ಹಾಕ್ದೆ."

"ಎರಡು ಸಾಕ್ಷಿ ಬೇಕಲ್ಲಪ್ಪ."

"ಇನ್ನೊಬ್ರು ಆಮೇಲೆ ಬಂದು ಹಾಕ್ತಾರೆ, ನೀನು ಹೊರಡು ಅಂದ್ರು."

"ಬಂದ್ರಾ?"

"ನಾ ಎಂಗೆ ನೋಡ್ಲಿ ಸಾರ್? ಬಂದ್ಬುಟ್ಟೆ ನಾನು."

* * *

ಚೆಲುವರಾಜು ಮತ್ತೆ ದೇವರ ಮನೆಗೆ ಬಂದ. ಈ ಸಲ ಅಪ್ಪಣೆ ಕೇಳಿ ಒಳಗೇ ಹೋದ.

ಖಾನೆಯ ಗುಂಡು ಹಿಡಿಯ ಮೇಲೆ ಎರಡು ಬೆರಳಿನ ಅಗಲ ಬಿಳಿಚಿದ ಕಲೆ. ಉಗುರಲ್ಲಿ ಕೆರೆದು ಮೂಸಿದ. ಒಣಗಿದ ಗಂಧ. ಮಂಟಪದ ಪಕ್ಕದ ತಟ್ಟೆಯಲ್ಲಿ ನಿರ್ಮಾಲ್ಯ. ಅಡಿಯ ಹೂಗಳು ಕಪ್ಪಾಗಿದ್ದವು. ಮೇಲಿನವು ಇನ್ನೂ ಬಾಡುತ್ತಿದ್ದವು. ಎಲ್ಲವೂ ನಂದಿಬಟ್ಟಲು. ಹಿತ್ತಲ ಬಾಗಿಲಿನಿಂದ ಇಣುಕಿದ. ಈ ಮನೆಯಲ್ಲಿ ದಾಸವಾಳ, ತುಳಸಿ. ನಂದಿಬಟ್ಟಲು ಗೋಡೆಯಾಚೆ ಇತ್ತು.

"ಅಂಬುಜಮ್ಮ, ಸೂತಕದ ಮನೇಲಿ ದೇವರಿಗೆ ಹೂ ಏರಿಸಿದ್ದು ಯಾರು?"

"ಪಕ್ಕದ ಮನೆ ರಾಮಸ್ವಾಮಿ ಮಾವ. ಸಾಲಿಗ್ರಾಮ ಇರೋ ಮನೆ, ಪೂಜೆ ನಿಲ್ಲಬಾರದು. ಬೇರೆ ಗೋತ್ರದವರು ಬಂದು ಮಾಡ್ತಾರೆ."

"ಯಾರೂ ಬಂದಿರಲಿಲ್ಲ ಅಂದ್ರಲ್ಲ ಕಣಮ್ಮ!"

ಅಂಬುಜಾ ಬೆಪ್ಪಾದಳು. "ಮಾವ ಹೊರಗಿನವರಲ್ಲವಲ್ಲ."

* * *

ಪಕ್ಕದ ಮನೆಯ ಮುಂದೆ ಮದುವೆಯ ಚಪ್ಪರ ಇನ್ನೂ ನಿಂತಿತ್ತು. ಮಾವಿನ ತೋರಣ ಒಣಗಿ ಗಾಳಿಗೆ ಗರಗರ ಎನ್ನುತ್ತಿತ್ತು. ಅರಮನೆ ಕಚೇರಿಯಲ್ಲಿ ಮೂವತ್ತೆಂಟು ವರ್ಷ ಗುಮಾಸ್ತರಾಗಿದ್ದ ರಾಮಸ್ವಾಮಿಯವರು ಜಗಲಿಯ ಮೇಲೆ ಕೂತಿದ್ದರು. ಪೊಲೀಸರನ್ನು ಕಂಡು ಏಳಲಿಲ್ಲ. ಅಂಬುಜಾ ಚಪ್ಪರದ ಕಂಬ ಹಿಡಿದು ನಿಂತಳು.

"ಮಗಳ ಮದುವೆ ಯಾವತ್ತಾಯ್ತು ಸ್ವಾಮಿ?" ಎಂದ ಚೆಲುವರಾಜು.

"ಹದಿನಾಲ್ಕು, ಭಾನುವಾರ."

"ಹಾಗಾದ್ರೆ ಬರಬೇಕಿದ್ದ ಇನ್ನೊಬ್ಬ ಸಾಕ್ಷಿ ನೀವೇ. ಅಶ್ವತ್ಥಯ್ಯನೋರು ಹತ್ತನೇ ತಾರೀಕು ನಿಮ್ಮ ಸಹಿ ಕೇಳಿದ್ರು. ಮದುವೆ ಮನೆ ಅಂತ ಹಾಕ್ಲಿಲ್ಲ."

ಮುದುಕರು ಪಕ್ಕದಲ್ಲಿದ್ದ ಪಂಚಾಂಗದ ಮೇಲೆ ಕೈಯಿಟ್ಟರು.

"ನಾನೇ ಹೇಳ್ತೀನಿ. ಸುಂದರೇಶ ಒಂಬತ್ತನೇ ದಿನವೂ ಹಾಸಿಗೆ ಬಿಚ್ಚಿ ಹುಡುಕ್ತಿದ್ದ. ಕೈಯಲ್ಲಿ ಇರೋದನ್ನ ಯಾರೂ ಹುಡುಕೋದಿಲ್ಲ. ಹತ್ತನೇ ದಿನ ಅವನು ಊರಲ್ಲೇ ಇರ್ಲಿಲ್ಲ. ಈ ಅಮ್ಮ ಹೊಸ್ತಿಲು ದಾಟ್ಲಿಲ್ಲ. ಖಾನೆ ಎಳೆದ ಬೆರಳಲ್ಲಿ ಗಂಧ ಇತ್ತು. ಸೂತಕದೋರು ಗಂಧ ಮುಟ್ಟೋದಿಲ್ಲ. ಮುಟ್ಟಿದೋರು ನೀವೊಬ್ರೇ. ಒಂದೇ ಒಂದು ಗೊತ್ತಾಗ್ಲಿಲ್ಲ. ನಿಮಗೆ ಅದರಿಂದ ಏನು ಲಾಭ?"

ರಾಮಸ್ವಾಮಿಯವರು ಪಂಚಾಂಗ ತೆರೆದರು. ನಾಲ್ಕು ಮಡಿಕೆಯ ಕಾಗದ ತೆಗೆದು ಕೊಟ್ಟರು.

"ಮನೇಲಿ ಶುಭಕಾರ್ಯ. ಮರಣಶಾಸನಕ್ಕೆ ಹೇಗೆ ಕೈ ಹಾಕ್ಲಿ? ಮದುವೆ ಮುಗೀಲಿ, ಸೋಮವಾರ ಸ್ನಾನ ಮಾಡಿ ಬಂದು ಹಾಕ್ತೀನಿ ಅಂದೆ. 'ಅವಸರ ಏನೂ ಇಲ್ಲ ಮಾರಾಯ, ಕಾಗದ ದೇವರ ಖಾನೇಲಿ ಇರುತ್ತೆ, ನಾನೆಲ್ಲಿ ಹೋಗ್ತೀನಿ' ಅಂತ ನಕ್ಕ. ಸೋಮವಾರ ಬೆಳಿಗ್ಗೆ ಸ್ನಾನ ಮಾಡಿ ಹೋದೆ. ಚಾಪೆ ಮೇಲೆ ಮಲಗಿಸಿದ್ರು."

ಚೆಲುವರಾಜು ಕಾಗದ ಬಿಡಿಸಿದ. ಅಶ್ವತ್ಥಯ್ಯನವರ ಸಹಿ. ಮರಿಸ್ವಾಮಿಯ ಸಹಿ. ಕೆಳಗೆ ಮೂರನೆಯದು, ರಾಮಸ್ವಾಮಿಯವರದು, ದುಂಡು ಅಕ್ಷರ. ಅದರಡಿಯಲ್ಲಿ ಅಷ್ಟೇ ದುಂಡಾಗಿ ತಾರೀಕು.

೧೭-೫-೧೯೬೧.

ಅಶ್ವತ್ಥಯ್ಯ ಸತ್ತ ಎರಡು ದಿನಕ್ಕೆ.

"ಪೂಜೆ ಮುಗಿಸಿ ತಗೊಂಡು ಬಂದೆ. ಸಹಿ ಹಾಕಿ ಮಾರನೇ ದಿನ ಅಲ್ಲೇ ಇಟ್ಟುಬಿಡೋಣ, ಯಾರಿಗೂ ತಿಳಿಯೋದಿಲ್ಲ ಅಂತ. ಸುಳ್ಳು ಹೇಳೋಕೆ ಮನಸ್ಸು ಒಪ್ಪಿತ್ತು. ಕೈ ಒಪ್ಪಲಿಲ್ಲ. ಮೂವತ್ತೆಂಟು ವರ್ಷ ಸಹಿ ಕೆಳಗೆ ಅವತ್ತಿನ ತಾರೀಕು ಹಾಕಿದ ಕೈ. ನಾನು ನೋಡೋ ಹೊತ್ತಿಗೆ ಬರೆದಾಗಿತ್ತು. ವಾಪಸು ಇಟ್ಟರೆ ಮೋಸ ಬಯಲು. ಹರಿದು ಹಾಕೋಕೆ ಧೈರ್ಯ ಇಲ್ಲ."

ಕೆಂಪಯ್ಯ ಪಿಸುಗುಟ್ಟಿದ. "ಒಂದಂಕಿ ಕೆರೆದ್ರೆ, ಸ್ವಾಮಿ..."

ಚೆಲುವರಾಜು ಆ ಅಂಕಿಯನ್ನು ನೋಡಿದ. ನೋಡುತ್ತಲೇ ಇದ್ದ. ಕೊನೆಗೆ ಕಾಗದ ಮಡಿಸಿದ. "ಕೋರ್ಟಲ್ಲಿ ಸುಂದರೇಶನ ವಕೀಲ ಇವರನ್ನ ಒಂದೇ ಪ್ರಶ್ನೆ ಕೇಳ್ತಾನೆ. ಅಶ್ವತ್ಥಯ್ಯ ಬದುಕಿದ್ದಾಗ ಹಾಕಿದ್ರಾ ಅಂತ. ಈ ಮನುಷ್ಯ ಹೌದು ಅನ್ನಬಲ್ಲರೇನೋ ಕೆಂಪಯ್ಯ?"

ರಾಮಸ್ವಾಮಿಯವರು ಇಲ್ಲವೆಂದು ತಲೆಯಾಡಿಸಿ ಪಂಚಾಂಗ ಮುಚ್ಚಿದರು.

"ಹಾಗಾದ್ರೆ," ಎಂದಳು ಅಂಬುಜಾ ನಿಧಾನವಾಗಿ, "ಮಾವ ತಗೊಳ್ಳದೇ ಇದ್ದಿದ್ರೂ..."

"ಒಂದೇ ಕಣಮ್ಮ. ಒಂದು ಸಾಕ್ಷಿಯ ವಿಲ್ಲು ನಡೆಯೋದಿಲ್ಲ. ಖಾನೇಲಿ ಇದ್ದದ್ದೂ ಬರೀ ಕಾಗದವೇ."

ಗೋಡೆಯಾಚೆ ಸುಂದರೇಶ ಯಾರಿಗೋ ಹೇಳುವುದು ಕೇಳಿಸಿತು. ನಡುಮನೆಯಲ್ಲಿ ಒಂದು ಗೋಡೆ ಎಬ್ಬಿಸಿದರೆ ಎರಡು ಸಂಸಾರಕ್ಕೆ ಬಾಡಿಗೆಗೆ ಕೊಡಬಹುದಂತೆ.

"ಆ ಕಾಗದ ನಾನು ಇಟ್ಕೊಳ್ಳಲೇ?"

"ಸಾಕ್ಷ್ಯ ಕಣಮ್ಮ. ಸ್ಟೇಷನ್ನಿಗೆ ಹೋಗ್ಬೇಕು."

"ಒಂದು ಸಲ ಓದಿ ಹೇಳಿ ಮತ್ತೆ. ಮನೆ ನಿನಗೇ ಅಂತ ಬಾಯಲ್ಲಿ ಹೇಳಿದ್ರು, ಏನು ಬರೆದಿದ್ದಾರೆ ಅಂತ ದೊಡ್ಡಪ್ಪ ನನಗೆ ತೋರಿಸಲಿಲ್ಲ."

ಚೆಲುವರಾಜು ಮಡಿಕೆ ಬಿಡಿಸಿದ. "'ನನ್ನ ಮಗಳು ಅಂಬುಜಾಗೆ...'" ಎಂದು ಶುರು ಮಾಡಿದ.

"ನನ್ನ ಮಗಳು ಅಂತಲೇ ಇದೆಯೇ?"

"ಹಾಗೇ ಇದೆ."

"ಅಷ್ಟೇ ಇನ್ನೊಂದು ಸಲ ಓದಿ."

ಅವನು ಓದಿದ. ಆಮೇಲೆ ಕಾಗದವನ್ನು ಜೇಬಿಗೆ ಹಾಕಿಕೊಂಡ.