ಹಿಂದಕ್ಕೆ ಕಳಿಸಿದ ಮರಸೇಬು

“ಇವತ್ತೊಂದು ದಿನ ಗೇಟಿಗೆ ಬಂದ ಮಾಲನ್ನ ಹಿಂದಕ್ಕೆ ಕಳಿಸಬೇಡಪ್ಪ. ಕೊಳೆತಿದ್ರೂ ತಗೊ. ಆಮೇಲೆ ತಿಪ್ಪೆಗೆ ಸುರಿದರಾಯ್ತು.”

ಯೊರಿಸ್ ಕಾಫಿ ಬಟ್ಟಲು ಕೆಳಗಿಟ್ಟು ನಕ್ಕ. “ತಿಪ್ಪೆಗೆ ಸುರಿಯೋಕೆ ಮಾಲು ತಗೊಳ್ಳೋದಾ? ಮಾವ, ನಿಮ್ಮ ಮಂಡಿ ಇಷ್ಟು ವರ್ಷ ನಡೆದದ್ದೇ ಪವಾಡ ಬಿಡಿ!”

ಮಾವ ಗೆರಾರ್ಡ್ ನಗಲಿಲ್ಲ. ಕುದುರೆಗಾಡಿಯ ಕಾಲದಲ್ಲಿ ಅವನ ಅಜ್ಜ ಕಟ್ಟಿದ ಹಣ್ಣು-ತರಕಾರಿ ಮಂಡಿ ಅದು. ರೈಲು ನೋಡಿತ್ತು, ಎರಡು ಯುದ್ಧ ನೋಡಿತ್ತು. ಸತ್ತವರ ಹಬ್ಬದ ಮಾರನೆಯ ದಿನ ಆ ಅಜ್ಜ ಒಬ್ಬ ವಿಧವೆಯ ಗಾಡಿ ತುಂಬ ಮರಸೇಬನ್ನು, ಒಂದೇ ಒಂದು ಕೊಳೆತ ಹಣ್ಣಿನ ನೆಪದಲ್ಲಿ ಹಿಂದಕ್ಕಟ್ಟಿದ್ದ. ಅವಳ ಕೂಸು ಹಸಿವಿನಿಂದ ಸತ್ತಿತು. “ನೀನು ಬೇಡವೆಂದದ್ದು ನಿನ್ನ ಮನೆಯೊಳಗೇ ಹಣ್ಣಾಗಲಿ” ಎಂದು ಗೇಟಿಗೆ ಉಗುಳಿ ಹೋದಳು. ಆ ಚಳಿಗಾಲವೇ ಅಜ್ಜನ ಕಿರಿಮಗನೂ ಹೋದ. ಅಂದಿನಿಂದ ಪ್ರತಿವರ್ಷ ಆ ದಿನ ಯಾವ ಮಾಲೂ ಗೇಟಿನಿಂದ ಹಿಂದಿರುಗುವುದಿಲ್ಲ. ಇವತ್ತು ಅದೇ ದಿನ. ಆದರೆ ಆಂಟ್‌ವರ್ಪ್‌ನಲ್ಲಿ ಓದಿ ಬಂದ ಅಳಿಯನಿಗೆ ಬುದ್ಧಿ ಹೇಳುವುದೆಂದರೆ ಗೋರ್ಕಲ್ಲ ಮೇಲೆ ಮಳೆ ಗರೆದಂತೆ.

ಹನ್ನೊಂದು ಗಂಟೆಗೆ ಒಬ್ಬ ಮುದುಕಿ ಕೈಗಾಡಿ ತಳ್ಳಿಕೊಂಡು ಬಂದಳು. ಒದ್ದೆ ಗೋಣಿಯಡಿ ನಾಲ್ಕು ಪೆಟ್ಟಿಗೆ ಮರಸೇಬು. ಯೊರಿಸ್ ಒಂದನ್ನು ಚಾಕುವಿನಿಂದ ಸೀಳಿದ. ಹೊರಗೆ ಚೊಕ್ಕ ಹಳದಿ, ಒಳಗೆ ಕಂದು ರೊಜ್ಜು.

“ಹಂದೀನೂ ಮೂಸಲ್ಲ ಅಜ್ಜಿ. ತಗೊಂಡ್ಹೋಗು.”

“ಬೇಡ ಅಂತೀಯಾ ಮಗಾ?”

“ಬೇಡ, ಬೇಡ, ಬೇಡ! ಸಾಕಾ?”

ಮುದುಕಿ ತಲೆಯಾಡಿಸಿ ಗಾಡಿ ತಿರುಗಿಸಿದಳು. ಕಲ್ಲುಹಾಸಿನ ಮೇಲೆ ಚಕ್ರಗಳು ಸದ್ದೇ ಮಾಡಲಿಲ್ಲ.

ಸುದ್ದಿ ಕೇಳಿದ್ದೇ ತಡ, ಗೆರಾರ್ಡ್ ಬರಿಗಾಲಲ್ಲಿ ಬೀದಿಗೆ ಓಡಿದ. ನೇರ ಬೀದಿ, ಎರಡೂ ಕಡೆ ಎಲೆಯುದುರಿದ ತೋಟ. ಯಾರೂ ಇರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ವಾಸನೆ ಶುರುವಾಯಿತು. ಸಿಹಿ, ಹುಳಿ, ಗಂಟಲಿಗೆ ಅಂಟುವ ವಾಸನೆ. ಯೊರಿಸ್ ಶೀತಲ ಕೋಣೆಯ ಕತ್ತಲಲ್ಲಿ ಪೆಟ್ಟಿಗೆ ಪೆಟ್ಟಿಗೆಯನ್ನೂ ಮೂಸಿದ. ಎಲ್ಲ ಹಣ್ಣೂ ಗಟ್ಟಿ. ವಾಸನೆ ಇಲ್ಲಿಯದಲ್ಲ. ಮೆಟ್ಟಿಲಿನಿಂದ ಬರುತ್ತಿದೆ. ಮೇಲೆ ಮನೆ. ಹತ್ತಿದ. ಅಡುಗೆಮನೆಯಲ್ಲಿಲ್ಲ. ನಡುಮನೆಯಲ್ಲಿಲ್ಲ. ತೊಟ್ಟಿಲ ಕೋಣೆ. ತೊಟ್ಟಿಲಿಗೆ ಬಾಗಿದ. ಎಂಟು ತಿಂಗಳ ಮಗಳು ಲೀವೆ ಅಪ್ಪನನ್ನು ಕಂಡು ಬಾಯಗಲಿಸಿ ನಕ್ಕಳು.

ವಾಸನೆ ಆ ಬಾಯಿಂದ ಬಂತು.

ಡಾಕ್ಟರು ಬಂದರು. ಎದೆ ನೋಡಿದರು, ಜ್ವರ ನೋಡಿದರು. “ಗುಂಡುಕಲ್ಲಿನ ಹಾಗಿದ್ದಾಳೆ, ಸುಮ್ನೆ ಗಾಬರಿಯಾಗ್ತೀರಿ” ಎಂದು ಹೊರಟೇಬಿಟ್ಟರು. ಅವರಿಗೆ ಯಾವ ವಾಸನೆಯೂ ಬಡಿದಿರಲಿಲ್ಲ. ಯೊರಿಸ್‌ನ ಹೆಂಡತಿ ಹಿಲ್ಡೆಗೂ ಇಲ್ಲ.

ಗೆರಾರ್ಡ್ ಹೊಸ್ತಿಲು ದಾಟದೆ ಮೂಗು ಮುಚ್ಚಿ ನಿಂತಿದ್ದ.

“ಮಾವ, ಆ ಮುದುಕಿ ಎಲ್ಲಿರ್ತಾಳೆ ಹೇಳಿ. ಕಾಲು ಹಿಡೀತೀನಿ. ಗಾಡಿ ಸಮೇತ ತರ್ತೀನಿ.”

“ಅವಳು ಒಂದೇ ಸಲ ಕೇಳೋದಪ್ಪ.”

“ಮಗು ಚೆನ್ನಾಗೇ ಇದೆಯಲ್ಲ, ನೋಡಿ!”

ಮುದುಕನ ಕಣ್ಣು ತುಂಬಿತು. “ಮರಸೇಬು ಒಳಗಿಂದ ಕೊಳೆಯೋದು ಕಣೋ. ಸಿಪ್ಪೆಗೆ ಕೊನೇಲಿ ಗೊತ್ತಾಗುತ್ತೆ.”

ಯೊರಿಸ್‌ಗೆ ಅಳು ಬಂತು. ಮಾಡುವುದಕ್ಕೆ ಏನೂ ಉಳಿದಿರಲಿಲ್ಲ.

ಏನೂ ಅರಿಯದ ಹಿಲ್ಡೆ ಮಗುವನ್ನೆತ್ತಿ ತಂದಳು. “ಕೆನ್ನೆ ನೋಡು, ಎಷ್ಟು ಕೆಂಪಗಾಗಿದೆ! ನಿನ್ನೆಗಿಂತ ಮುದ್ದಾಗಿದ್ದಾಳೆ ಅಲ್ವಾ?”

“ಹೌದು” ಎಂದ ಯೊರಿಸ್. ಕೈ ಚಾಚಿದ. ಬೆರಳು ಒತ್ತದಂತೆ, ಅಂಗೈ ಮೇಲಷ್ಟೇ, ಮಗಳನ್ನು ಎತ್ತಿಕೊಂಡ.