ಬೋಲ್ಟಿನ ಮೇಲಿನ ಹಳದಿ ಗೆರೆ

ಸಿತಿಂಜಾವ್ ಇಳಿಜಾರಿನ ಕಡಿದಾದ ತಿರುವಿನಲ್ಲಿ ಕಾರು ಬಂಡೆಗೆ ಮುಖ ಗುದ್ದಿಕೊಂಡು ನಿಂತಿತ್ತು. ಹಳೆಯ ಡೀಸೆಲ್ ಕಾರು. ಚಾಲಕ ಮರ್ದಾನುಸ್ ಸ್ಟಿಯರಿಂಗಿನ ಮೇಲೆ ಒರಗಿದಂತೆಯೇ ಸತ್ತಿದ್ದ. ಮೇಲಿನ ಸೊಲೊಕ್‌ನಿಂದ ಕೆಳಗಿನ ಪಡಾಂಗ್‌ಗೆ ಪ್ರಯಾಣಿಕರನ್ನು ಒಯ್ಯುವುದು ಅವನ ಕಸುಬು. ಅಂದು ಮಾತ್ರ ಕಾರಿನಲ್ಲಿ ಬೇರೆ ಯಾರೂ ಇರಲಿಲ್ಲ.

“ಇಂಜಿನ್ ಕೈಕೊಟ್ಟಿದೆ ಮೇಡಂ,” ಎಂದ ಪೇದೆ ದೆಸ್ವಾಂದಿ. “ಇಂಜಿನ್ ನಿಂತ್ರೆ ಬ್ರೇಕ್ ಪೆಡಲ್ ಕಲ್ಲಾಗುತ್ತೆ. ಸ್ಟಿಯರಿಂಗೂ ಅಷ್ಟೇ, ತಿರುಗಿಸೋಕಾಗಲ್ಲ.”

“ನಿಂತಿದ್ಯಾಕೆ?” ಇನ್‌ಸ್ಪೆಕ್ಟರ್ ಅಸ್ನಿದಾರ್ ಕೇಳಿದಳು.

“ಟೈಮಿಂಗ್ ಬೆಲ್ಟ್ ಇರ್ಬೇಕು. ಹೋದ ವಾರ ತಾನೇ ಮೆಕ್ಯಾನಿಕ್ ಪಕ್ ಜುಲ್ ಹತ್ರ ಹೊಸದು ಹಾಕ್ಸಿದ್ದ.”

ಸುತ್ತ ನಿಂತಿದ್ದ ಲಾರಿಯವರು ಮುಖ ಮುಖ ನೋಡಿಕೊಂಡರು. ಬೆಲ್ಟ್ ಹರಿದು ಮರ್ದಾನುಸ್ ಸತ್ತನಂತೆ ಎಂಬ ಸುದ್ದಿ ಹೆಣಕ್ಕಿಂತ ಮೊದಲೇ ಸೊಲೊಕ್ ಮುಟ್ಟಿತು.

* * *

ಊರೆಲ್ಲ ಗೌರವದಿಂದ ಪಕ್ ಜುಲ್ ಎನ್ನುವ ಜುಲ್ಬಹ್ರಿಯ ಗ್ಯಾರೇಜಿನ ಮುಂದೆ ಜನ ಸೇರಿತ್ತು. “ಕಣ್ಣು ಕಾಣದ ಮೇಲೆ ಪಾನಾ ಯಾಕೆ ಹಿಡೀತೀಯಾ ಮುದುಕಾ?” ಎಂದು ಯಾರೋ ಕೂಗಿದರು. ಒಳಗೆ ಮುದುಕ ಹಳೆಯ ಟೈರಿನ ಮೇಲೆ ಕುಳಿತಿದ್ದ.

“ನನ್ನನ್ನ ಕರ್ಕೊಂಡು ಹೋಗಿ,” ಎಂದು ಒಳಗೆ ಬಂದ ಅಸ್ನಿದಾರ್‌ಗೆ ಹೇಳಿದ.

“ಏನು ತಪ್ಪು ಮಾಡಿದ್ರಿ, ಪಕ್ ಜುಲ್?”

“ಅದೇ ಗೊತ್ತಿಲ್ಲಮ್ಮ. ಬೆಲ್ಟ್ ಹಾಕಿದ್ದೇ ನೆನಪಿಗೆ ಬರ್ತಿಲ್ಲ. ಈಚೆಗೆ ಮೊಮ್ಮಗಳ ಹೆಸರೂ ಬಾಯಿಗೆ ಬರಲ್ಲ. ಏನೋ ಮರ್ತಿರ್ತೀನಿ. ನಾನಲ್ದೆ ಇನ್ಯಾರು?”

ಅಸ್ನಿದಾರ್ ಅವನನ್ನು ಜೀಪು ಹತ್ತಿಸಿದಳು. ಜನ ಅದನ್ನು ಬಂಧನ ಎಂದುಕೊಂಡರು. ಅವಳು ಅವರಿಂದಲೇ ಅವನನ್ನು ಕಾಪಾಡುತ್ತಿದ್ದಳು. ತಪ್ಪು ಒಪ್ಪಿಕೊಂಡವರನ್ನು ಅವಳು ಬಹಳ ನೋಡಿದ್ದಳು. ಏನು ತಪ್ಪು ಎಂದು ತಿಳಿಯದೆ ಒಪ್ಪಿಕೊಂಡವನನ್ನು ನೋಡಿದ್ದು ಇದೇ ಮೊದಲು.

* * *

ಠಾಣೆಯ ಅಂಗಳದಲ್ಲಿ ದೆಸ್ವಾಂದಿ ಜಖಂ ಆದ ಇಂಜಿನ್ನಿನ ಮುಂದಿನ ಮುಚ್ಚಳ ಬಿಚ್ಚಿದ. ಬೆಲ್ಟ್ ಹರಿದಿರಲಿಲ್ಲ! ಒಂದು ಕಡೆ ಅದರ ಹಲ್ಲುಗಳು ಸವೆದು ಜಾರಿದ್ದವು, ಅಷ್ಟೇ. ಬೆಲ್ಟನ್ನು ಬಿಗಿಯಾಗಿ ಹಿಡಿಯುವ ಗಾಲಿಯ ಬೋಲ್ಟ್ ಬೆರಳಿಗೇ ತಿರುಗಿತು.

“ಪಾಪ, ಮುದುಕ ಬಿಗಿ ಮಾಡೋದನ್ನೇ ಮರ್ತಿದ್ದಾನೆ,” ಎಂದ ದೆಸ್ವಾಂದಿ.

ಅಸ್ನಿದಾರ್ ಟಾರ್ಚ್ ಹಿಡಿದು ಬಗ್ಗಿದಳು. ಬೋಲ್ಟಿನ ತಲೆಯ ಮೇಲೆ ಹಳದಿ ಬಣ್ಣದ ಒಂದು ಗೆರೆ. ಕೆಳಗಿನ ತಗಡಿನ ಮೇಲೂ ಅದೇ ಗೆರೆ. ಆದರೆ ಒಂದಕ್ಕೊಂದು ಕೂಡುತ್ತಿರಲಿಲ್ಲ.

“ಇದನ್ನ ಯಾರ ಹತ್ರಾನೂ ಬಾಯಿ ಬಿಡ್ಬೇಡ. ಊರು ಬೆಲ್ಟ್ ಹರೀತು ಅಂತಿದೆ. ಅನ್ಲಿ.”

* * *

ಮರುದಿನ ಅವಳು ಜುಲ್ಬಹ್ರಿಯನ್ನು ಠಾಣೆಯ ಹಳೆಯ ಡೀಸೆಲ್ ಗಾಡಿಯ ಮುಂದೆ ನಿಲ್ಲಿಸಿದಳು. “ಇದಕ್ಕೂ ಬೆಲ್ಟ್ ಹಾಕ್ಬೇಕು.”

“ಈ ಕೈಗೆ ಇನ್ನು ಕೆಲಸ ಕೊಡ್ಬೇಡಿ ತಾಯಿ.”

“ಹಾಕಿ. ನಾನು ಪಕ್ಕದಲ್ಲೇ ಇರ್ತೀನಿ.”

ಮುದುಕ ಅಳುಕುತ್ತಲೇ ಶುರು ಮಾಡಿದ. ಅವಳು ಮೊಮ್ಮಗಳ ಮಾತು ತೆಗೆದಳು. ಅವನು ಮಾತಿಗೆ ಸಿಕ್ಕಿಕೊಂಡ. ಕೈ ತನ್ನ ಪಾಡಿಗೆ ನಡೆಯಿತು. ಗಾಲಿಗಳ ಗುರುತು ಕೂಡಿಸಿತು, ಹೊಸ ಬೆಲ್ಟ್ ಏರಿಸಿತು, ಬಿಗಿಗಾಲಿಯನ್ನು ಸ್ಪ್ರಿಂಗಿಗೆ ಬಿಟ್ಟಿತು. ಇಂಜಿನ್ನನ್ನು ಪಾನಾದಿಂದ ಎರಡು ಸುತ್ತು ತಿರುಗಿಸಿ ಮತ್ತೆ ಗುರುತು ನೋಡಿತು. ಆಮೇಲೆ ಬೋಲ್ಟ್ ಬಿಗಿ ಮಾಡಿತು. ಕೊನೆಗೆ ಜೇಬಿನಿಂದ ಸಣ್ಣ ಕುಂಚ ತೆಗೆದು ಬೋಲ್ಟಿನಿಂದ ತಗಡಿನವರೆಗೆ ಹಳದಿ ಗೆರೆ ಎಳೆಯಿತು.

“ಅದ್ಯಾಕೆ?”

“ಯಾವುದು?” ಮುದುಕ ತನ್ನ ಕೈ ನೋಡಿಕೊಂಡ. “ಓ, ಇದಾ! ಬಿಗಿ ಮಾಡಿದ ಮೇಲೆ ಹಾಕೋ ಗುರುತು. ಬಿಗಿ ಮಾಡ್ದೆ ಹಾಕಲ್ಲ.”

ಹಾಗೆಂದವನೇ ಬಗ್ಗಿ ಆ ಗೆರೆಯನ್ನು ಮತ್ತೆ ನೋಡಿದ.

* * *

ಅಸ್ನಿದಾರ್ ಮನೆಗೆ ಹೋದಾಗ ಮರ್ದಾನುಸ್‌ನ ಹೆಂಡತಿ ಎಲಿವರ್ನಿ ಅತ್ತು ಸೊರಗಿದ್ದಳು. “ಅವತ್ತು ಸೀಟು ಯಾರಿಗೂ ಕೊಡಲಿಲ್ಲ ಅಕ್ಕ. ಇಸ್ತ್ರಿ ಮಾಡಿದ ಬಾತಿಕ್ ಅಂಗಿ ಹಾಕ್ಕೊಂಡ್ರು. ಮದುವೆ ಇದ್ಯಾ ಅಂತ ತಮಾಷೆ ಮಾಡ್ದೆ.”

“ಏನಂದ್ರು?”

“ಪಡಾಂಗ್ ಪೊಲೀಸ್ ಕಚೇರಿಗೆ ಅಂದ್ರು. ಹೋದ ವರ್ಷ ಲುಬುಕ್ ಸೆಲಾಸಿಹ್ ಹತ್ರ ಹಣ್ಣು ಮಾರೋ ಹುಡುಗೀನ ಕಾರು ಗುದ್ದಿ ಸಾಯಿಸಿ ಹೋಗಿತ್ತಲ್ಲ, ಯಾರದ್ದು ಅಂತ ಕಣ್ಣಾರೆ ನೋಡಿದ್ದೀನಿ ಅಂದ್ರು. ಜೊತೆಗಾರ ಅಂತ ಬಾಯಿ ಮುಚ್ಕೊಂಡಿದ್ದೆ, ಇನ್ನಾಗಲ್ಲ, ಅವನಿಗೂ ಹೇಳಿಬಿಟ್ಟಿದ್ದೀನಿ ಅಂದ್ರು. ಹೆಸರು ಮಾತ್ರ ನನಗೆ ಹೇಳಲಿಲ್ಲ.”

* * *

ಕಾರುಗಳು ರಾತ್ರಿ ತಂಗುವ ಅಂಗಳದ ಪಕ್ಕದಲ್ಲೇ ಚಾಲಕರ ಕಾಫಿ ಅಂಗಡಿ. ಅಸ್ನಿದಾರ್ ದೆಸ್ವಾಂದಿಯ ಜೊತೆ ಬೆಂಚಿನ ಮೇಲೆ ಕುಳಿತು ಕಾಫಿ ಹೇಳಿದಳು.

“ಮುದುಕನ್ನ ಬಿಟ್ಟುಬಿಡ್ತೀನಿ,” ಎಂದಳು. “ವಯಸ್ಸಾಗಿದೆ.”

“ಹೌದೌದು, ಬಿಟ್ಬಿಡಿ!” ಎಂದು ಸಿಡುಕಿದ ಯೊಂದ್ರಿ. ಮರ್ದಾನುಸ್‌ನ ಜೊತೆಗೇ ಓಡಿಸುತ್ತಿದ್ದ ಚಾಲಕ. “ಒಂದು ಬೋಲ್ಟ್ ಸಡಿಲ ಬಿಟ್ಟು ಒಬ್ಬನ್ನ ಕೊಂದ. ನಾಳೆ ಇನ್ನೊಬ್ಬನ್ನ ಕೊಲ್ಲಲಿ.”

“ಬೋಲ್ಟಾ?” ಪಕ್ಕದವನು ಲೋಟ ಇಳಿಸಿದ. “ಬೆಲ್ಟ್ ಹರೀತು ಅಂದ್ರಲ್ಲೋ?”

ಯೊಂದ್ರಿ ಬೆಂಚಿನಿಂದ ಎದ್ದ.

“ಬೋಲ್ಟ್ ವಿಷಯ ನನಗೂ ದೆಸ್ವಾಂದಿಗೂ ಬಿಟ್ರೆ ಗೊತ್ತಿರೋನು ಇನ್ನೊಬ್ಬನೇ, ಅಣ್ಣ,” ಎಂದಳು ಅಸ್ನಿದಾರ್ ಅವನಿಗೆ. “ಅದನ್ನ ಸಡಿಲ ಮಾಡಿದೋನು. ಗೆರೆ ಕೂಡಿಲ್ಲ ಅಂದ್ರೆ ಬಿಗಿ ಮಾಡಿದ ಮೇಲೆ ಯಾರೋ ತಿರುಗಿಸಿದ್ದಾರೆ. ನಿಮ್ಮ ಸಾಮಾನಿನ ಪೆಟ್ಟಿಗೆ ತೆಗೀತೀರಾ?”

ದೆಸ್ವಾಂದಿ ಒಂದೊಂದೇ ಸಾಕೆಟ್ ಪಾನಾವನ್ನು ಬೆಳಕಿಗೆ ಹಿಡಿದ. ಒಂದರ ಒಳಗೋಡೆಯ ಎಣ್ಣೆಜಿಡ್ಡಿನಲ್ಲಿ ಹಳದಿ ಬಣ್ಣದ ಚೂರುಗಳು ಅಂಟಿಕೊಂಡಿದ್ದವು.

ಯೊಂದ್ರಿ ಮುಖ ಮುಚ್ಚಿಕೊಂಡ. “ಕೊಲ್ಬೇಕು ಅಂತ ಮಾಡ್ಲಿಲ್ಲ ಮೇಡಂ. ಊರು ದಾಟೋದ್ರೊಳಗೆ ಕೆಟ್ಟು ನಿಲ್ಲುತ್ತೆ, ಒಂದು ದಿನ ಸಿಗುತ್ತೆ, ಆ ಹುಡುಗಿಗೆ ಗುದ್ದಿದ್ದು ನಾನು ಅಂತ ಹೇಳ್ಬೇಡ ಅಂತ ಕಾಲು ಹಿಡ್ಕೊಂಡು ಒಪ್ಪಿಸೋಣ ಅಂದ್ಕೊಂಡೆ.”

“ಊರಾಚೆಯ ಏರಿನಲ್ಲಿ ಬೆಲ್ಟ್ ತಡೀತು. ಇಳಿಜಾರಲ್ಲಿ ಗೇರಿನ ಹಿಡಿತಕ್ಕೆ ಎಳೆತ ಬದಲಾಯ್ತು, ಹಲ್ಲು ಜಾರಿತು. ಆ ರಸ್ತೇಲಿ ಇಂಜಿನ್ ನಿಂತ್ರೆ ಏನಾಗುತ್ತೆ ಅಂತ ನಿಮಗೆ ನಾನು ಹೇಳ್ಬೇಕಾ? ಆಮೇಲೆ ಆ ಮುದುಕ ತಾನೇ ಕೊಂದೆ ಅಂತ ಕೂತಿದ್ದಾಗ, ಸುಮ್ಮನೆ ನೋಡ್ತಾ ಇದ್ರಿ.”

ದೆಸ್ವಾಂದಿ ಯೊಂದ್ರಿಯನ್ನು ಜೀಪು ಹತ್ತಿಸಿದ.

* * *

ಸಂಜೆ ಅಸ್ನಿದಾರ್ ಲುಬುಕ್ ಸೆಲಾಸಿಹ್‌ಗೆ ಹೋದಳು. ಸತ್ತ ಹುಡುಗಿಯ ತಾಯಿ ರಸ್ತೆಬದಿಯಲ್ಲಿ ಮಾರ್ಕಿಸಾ ಹಣ್ಣು ಕಟ್ಟುತ್ತಿದ್ದಳು. ಅಸ್ನಿದಾರ್ ಎಲ್ಲ ಹೇಳಿದಳು. ಗುದ್ದಿದವನು ಯಾರು, ನೋಡಿದವನು ಯಾರು, ಅದನ್ನು ಹೇಳಲು ಹೊರಟು ಸತ್ತವನು ಯಾರು.

ತಾಯಿ ಹಣ್ಣು ಕಟ್ಟುವುದನ್ನು ನಿಲ್ಲಿಸಿದಳು. “ಆ ನೋಡಿದೋನು ಒಂದು ವರ್ಷ ದಿನಾ ನನ್ನ ಮುಂದೇನೇ ಓಡಾಡ್ದ. ಒಂದು ಸಲವಾದ್ರೂ ನಿಲ್ಲಿಸಬಾರದಿತ್ತಾ?”

ಅಸ್ನಿದಾರ್ ಅವಳ ಪಕ್ಕದಲ್ಲಿ ಕುಳಿತಳು.

“ಹೆಂಡತಿ ಇದ್ದಾಳಾ ಆ ಸತ್ತೋನಿಗೆ?”

“ಇದ್ದಾಳೆ. ಸೊಲೊಕ್‌ನಲ್ಲಿ.”

ತಾಯಿ ಹಣ್ಣಿನ ಗೊಂಚಲನ್ನು ಬುಟ್ಟಿಗಿಟ್ಟು, ಉಟ್ಟ ಬಟ್ಟೆಗೆ ಕೈ ಒರೆಸಿಕೊಂಡು ಎದ್ದಳು. “ನಡಿ, ಅವಳ ಮನೆಗೆ ಕರ್ಕೊಂಡು ಹೋಗು.”