ಗೇಣುದ್ದದ ಪೈಪು

ಬ್ರೇಕ್ ಇಲ್ಲ.

ಸ್ಟಿಯರಿಂಗ್ ರಾಡ್ ಅರ್ಧ ಕೊಯ್ದಿದೆ. ಎದುರಿಗೆ ಕಪ್ಪತಗುಡ್ಡದ ಇಳಿಜಾರು. ಹಿಂದೆ ಬಿಳಿ ಪಿಕಪ್.

ಪೆಡಲ್ ತುಳಿದೆ. ಅದು ಸುಮ್ಮನೆ ಹೋಗಿ ತಳ ಮುಟ್ಟಿತು.

ನಾನು ಕೂತಿದ್ದು ಎಂಬತ್ತೆಂಟರ ಮಾಡೆಲ್ ಜೀಪು. ಅರ್ಧ ಅಡಿ ಎತ್ತರಿಸಿ, ಟ್ರ್ಯಾಕ್ಟರ್‌ನಂಥ ಗಾಲಿ ಹಾಕಿ, ಗುಡ್ಡ ಹತ್ತಲು ತಯಾರು ಮಾಡಿದ್ದು. ಎಂಟು ದಿನಗಳ ಹಿಂದೆ ಇದೇ ಗುಡ್ಡದಲ್ಲಿ ಇದೇ ಪೆಡಲ್ ಹೀಗೇ ತಳ ಮುಟ್ಟಿತ್ತು. ಆವತ್ತು ಎದುರಿಗೆ ಒಬ್ಬ ಹೆಂಗಸು ಇದ್ದಳು.

ಪಿಕಪ್ ಹಿಂದಿನಿಂದ ಗುದ್ದಿತು. ನಾಲಿಗೆ ಹಲ್ಲಿಗೆ ಸಿಕ್ಕಿತು. ಬಾಯಿ ತುಂಬ ರಕ್ತ...

ಪರವಾಗಿಲ್ಲ. ಬೆಳಿಗ್ಗೆಯಿಂದ ಬಾಯಲ್ಲಿದ್ದ ರುಚಿಗಿಂತ ಇದೇ ವಾಸಿ.

ಮೊದಲಿನಿಂದ ಹೇಳುತ್ತೇನೆ, ಕೇಳಿ.

ನನ್ನ ಹೆಸರು ಅಝೀಮ. ಹುಟ್ಟಿದ್ದು ಲಕ್ಷ್ಮೇಶ್ವರ, ಇರುವುದು ಬೆಟಗೇರಿ. ಹದಿನಾಲ್ಕು ವರ್ಷ ವಿಮಾ ಕಂಪನಿಯೊಂದಕ್ಕಾಗಿ ಅಪಘಾತದ ಗಾಡಿಗಳನ್ನು ತಪಾಸಣೆ ಮಾಡಿದೆ. ಈಗ ಸ್ವಂತ ಧಂದೆ. ದೊಡ್ಡವರ ತೊಡಕು ಬಿಡಿಸುತ್ತೇನೆ. ಸಾಕ್ಷಿ ಹುಡುಕಿ ಕೊಡುತ್ತೇನೆ. ಕೆಲವು ಸಲ, ಹುಡುಕಿದ್ದನ್ನು ಮರೆತುಬಿಡುತ್ತೇನೆ.

ಹೆಮ್ಮೆಯ ಮಾತಲ್ಲ.

ಅವತ್ತು ಬೆಳಿಗ್ಗೆ ಗೋಣೆಪ್ಪ ಕರೆಸಿದ್ದ. ಲಕ್ಷ್ಮೇಶ್ವರದಲ್ಲಿ ಅವನದು ಹತ್ತಿ ಜಿನ್ನಿಂಗ್ ಮಿಲ್ಲು. ಮುಂಡರಗಿ ಕಡೆ ಗುಡ್ಡಕ್ಕೆ ತಾಗಿ ತೋಟ. ಒಬ್ಬನೇ ಮಗ, ಕಳಕೇಶ. ಆ ಜೀಪು ಕಳಕೇಶನದು.

ಆಯುಧಪೂಜೆ, ನಮ್ಮ ಕಡೆ ಖಂಡೇಪೂಜೆ. ಆ ದಿನ ಸಂಜೆ ಕಳಕೇಶ ಅದನ್ನು ಗುಡ್ಡಕ್ಕೆ ಹತ್ತಿಸಿದ್ದ. ಇಳಿಯುವಾಗ ಸಿದ್ದಲಿಂಗವ್ವನ ಮೇಲೆ ಹಾಯಿಸಿದ. ಅರವತ್ತು ದಾಟಿದ ಹೆಂಗಸು. ಗುಡ್ಡದ ಸೀತಾಫಲ ಆರಿಸಿ, ಬುಟ್ಟಿ ಹೊತ್ತು, ಶಿರಹಟ್ಟಿ ಬಸ್‌ಸ್ಟ್ಯಾಂಡಿನಲ್ಲಿ ಮಾರುತ್ತಿದ್ದಳು. ಸ್ಥಳದಲ್ಲೇ ಹೋದಳು.

ಪೊಲೀಸರ ಮುಂದೆ ಕಳಕೇಶನ ಹೇಳಿಕೆ ಸಣ್ಣದು. ಬ್ರೇಕು ಸರಿ ಇತ್ತು. ಮೆಕ್ಯಾನಿಕ್ ಬೆಸೆದ ಸ್ಟಿಯರಿಂಗ್ ರಾಡ್ ಮುರಿಯಿತು. ತಪ್ಪು ಮೆಕ್ಯಾನಿಕ್‌ನದು.

ಠಾಣೆಯಲ್ಲಿ ಜಾಗವಿಲ್ಲವೆಂದು ಜೀಪನ್ನು ಮುಚ್ಚಳಿಕೆ ಬರೆಸಿಕೊಂಡು ಗೋಣೆಪ್ಪನ ತೋಟದ ಶೆಡ್ಡಿನಲ್ಲೇ ಬಿಟ್ಟಿದ್ದರು. ಗಾಡಿ ಪರೀಕ್ಷಿಸುವ ಇನ್‌ಸ್ಪೆಕ್ಟರ್ ಹಬ್ಬದ ರಜೆಯಲ್ಲಿದ್ದ. ಮರುದಿನ ಬೆಳಿಗ್ಗೆ ಹತ್ತಕ್ಕೆ ಬರುವವನಿದ್ದ. ಅಷ್ಟರೊಳಗೆ ಗೋಣೆಪ್ಪನಿಗೆ ಒಂದು ಕಾಗದಕ್ಕೆ ಮೆಕ್ಯಾನಿಕ್‌ನ ಸಹಿ ಬೇಕಿತ್ತು. 'ಎಲ್ಲ ಕೆಲಸ ಮುಗಿಸಿ, ಓಡಿಸಿ ನೋಡಿ, ಗಾಡಿ ಒಪ್ಪಿಸಿದ್ದೇನೆ.' ಅಷ್ಟೇ ಇತ್ತು ಅದರಲ್ಲಿ.

ಗೋಣೆಪ್ಪ ಪೇಡೆಯ ತಟ್ಟೆ ಮುಂದೆ ತಳ್ಳಿದ.

"ಹೆಣ್ಮಗಳು ಹೋಗಿದ್ದು ಕೆಟ್ಟ ಆತು, ಅಝೀಮಣ್ಣ. ಖರೆ, ವಯಸ್ಸಾಗಿತ್ತು. ಇನ್ನ ಎಷ್ಟ ದಿನ ಸೀತಾಫಲ ಮಾರತಿದ್ಲು? ಪೇಡೆ ತಗೋರಿ."

ತಗೊಂಡೆ.

"ಆ ಮೆಕ್ಯಾನಿಕ್ ಶಫೀಕ ನಿಮ್ಮವನ ಅಲ್ಲೇನ್ರಿ. ನಿಮ್ಮ ಮಾತ ಕೇಳ್ತಾನ."

ನುಂಗಿದೆ. ಪೇಡೆಯನ್ನೂ, ಮಾತನ್ನೂ. ಎದ್ದು ಬಂದೆ. ಹೊರಗೆ ಬಂದು ನಳದಲ್ಲಿ ಬಾಯಿ ತೊಳೆದೆ. ರುಚಿ ಹೋಗಲಿಲ್ಲ.

ಬೆಟಗೇರಿಯಲ್ಲಿ ಶಫೀಕನ ಗ್ಯಾರೇಜು ನನ್ನ ಮನೆಯಿಂದ ಮೂರು ಓಣಿ ಆಚೆ. ಹಳೆಯ ಜೀಪುಗಳಿಗೆ ಮರುಜನ್ಮ ಕೊಡುವ ಕೈ ಅವನದು. ಹುಬ್ಬಳ್ಳಿಯಿಂದ ಗಾಡಿ ಬರುತ್ತವೆ. ಮಾತು ಕಡಿಮೆ.

ಕಾಗದ ತೋರಿಸಿದೆ. ಓದಲೂ ಇಲ್ಲ. ಎಂಟು ದಿನದಿಂದ ನಿದ್ದೆ ಮಾಡಿರದ ಮುಖ. ಜೀಪು ತನ್ನ ಕೈಯಿಂದ ಹೋದದ್ದು, ಒಂದು ಜೀವ ತಗೊಂಡದ್ದು ಖರೆ, ಎಲ್ಲಿ ಸಹಿ ಹಾಕಬೇಕು ಹೇಳ್ರಿ ಎಂದ. ಪೆನ್ನು ಕೇಳಿದ.

ಕೊಡುತ್ತಿದ್ದೆ. ಇದನ್ನೂ ಹೇಳಲೇಬೇಕು. ಪೆನ್ನಿನ ಮುಚ್ಚಳ ತೆಗೆದಿದ್ದೆ.

ಅವನ ಹೆಂಡತಿ ನೂರೀನ ಒಳಗಿನಿಂದ ಬಂದಳು. ಒಂದು ಪಾರ್ಸಲ್ ತಂದು ನನ್ನ ಕೈಗಿಟ್ಟಳು.

"ಇದನ್ನ ನೋಡಿ ಆಮ್ಯಾಲ ಪೆನ್ನ ಕೊಡ್ರಿ, ಭಾಯಿ."

ಬಿಚ್ಚಿದೆ. ಒಳಗೆ ಬ್ರೇಕಿನ ಎರಡು ರಬ್ಬರ್ ಪೈಪು. ಉದ್ದನೆಯವು. ಹೊಸವು. ಮೇಲಿನ ಕೊರಿಯರ್ ಚೀಟಿಯಲ್ಲಿ ತಲುಪಿದ ತಾರೀಖು... ಖಂಡೇಪೂಜೆಯ ಮರುದಿನ.

ಶಫೀಕನ ಮುಖ ನೋಡಿದೆ.

"ಕೆಲಸ ಮುಗದಿದ್ದಿಲ್ಲರಿ" ಎಂದ. "ಜೀಪು ಎತ್ತರ ಆಗೇತಿ, ಪೈಪು ಹಳೇದ. ಗೇಣುದ್ದ. ಸಪಾಟ ರಸ್ತಾದಾಗ ನಡೀತೈತಿ. ಗುಡ್ಡದಾಗ ಗಾಲಿ ಕೆಳಗ ಜೋತು ಬಿತ್ತಂದ್ರ ಪೈಪು ಜಗ್ಗತೈತಿ, ಹರೀತೈತಿ. ಎಣ್ಣಿ ಸೋರಿ ಹೋತಂದ್ರ ನಾಲ್ಕೂ ಗಾಲಿಗೆ ಬ್ರೇಕಿಲ್ಲ."

"ಗೊತ್ತಿದ್ದೂ ಯಾಕ ಕೊಟ್ಟಿ?"

ನೆಲ ನೋಡಿದ.

"ಖಂಡೇಪೂಜಿರಿ."

ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅವತ್ತು ಮನೆಯಲ್ಲಿರುವ ಕಬ್ಬಿಣವೆಲ್ಲ ದೇವರು. ಕುಡುಗೋಲಿನಿಂದ ಹಿಡಿದು ಲಾರಿಯವರೆಗೆ ತೊಳೆದು, ಹೂ ಏರಿಸಿ, ಕಾಯಿ ಒಡೆಯುತ್ತಾರೆ. ಗಾಡಿ ಪರರ ಅಂಗಳದಲ್ಲಿ ಉಳಿದರೆ ಅಪಶಕುನ. ಗೋಣೆಪ್ಪ ಬೆಳಿಗ್ಗೆಯೇ ಟ್ರ್ಯಾಕ್ಟರ್ ಕಳಿಸಿದ್ದ, ಎಳೆದೊಯ್ಯಲು. ಇವರ ಪೂಜೆಗೆ ಅಡ್ಡ ನಿಂತನೆಂದು ನಾಳೆ ಯಾರೂ ಅನ್ನಬಾರದು ಎಂದು ಶಫೀಕ ಒಪ್ಪಿದ. ಆದರೂ ಎಚ್ಚರ ತಪ್ಪಲಿಲ್ಲ. ಬ್ಯಾಟರಿ ಕಳಚಿ ಇಟ್ಟುಕೊಂಡ. ನಿಂಬೆಹಣ್ಣಿನ ಮೇಲೆ ಹಾಯಿಸ್ರಿ, ಎಳಕೊಂಡ ವಾಪಸ್ ತರ್ರಿ ಎಂದ. ಆ ಬ್ಯಾಟರಿ ಇನ್ನೂ ಮೂಲೆಯಲ್ಲೇ ಇತ್ತು.

ಬ್ಯಾಟರಿ ಇಲ್ಲದೆ ಎಳೆದೊಯ್ದ ಗಾಡಿ ಗುಡ್ಡ ಹೇಗೆ ಹತ್ತಿತು?

"ರಾಡ್ ಮುರದೈತಿ ಅಂತಾರ. ನನ್ನ ಬೆಸುಗಿ ಬಿಟ್ಟಿಲ್ಲರಿ" ಎಂದ ಶಫೀಕ. "ನೀವ ಹೋಗಿ ನೋಡ್ರಿ. ಬಿಟ್ಟಿದ್ರ ನಾನ ಠಾಣೇಕ ಹೋಗಿ ಕುಂಡ್ರತೀನಿ."

ಕಾಗದ ಮಡಚಿ ಜೇಬಿಗೆ ಹಾಕಿಕೊಂಡೆ. ಅವನು ಸಹಿ ಹಾಕಿದ್ದರೆ ಜೈಲು. ಹಾಕದಿದ್ದರೂ, ಮುರಿದ ರಾಡ್ ತೋರಿಸಿದರೆ ಸಾಕು, ಜೈಲು. ನೂರೀನ ಬಾಗಿಲಿಗೆ ಒರಗಿ ನಿಂತಿದ್ದಳು.

ಮಧ್ಯಾಹ್ನ ಮೂರಕ್ಕೆ ತೋಟದಲ್ಲಿದ್ದೆ. ಬಸ್ಸಿಳಿದು ನಡೆದೇ ಹೋದೆ. ಶೆಡ್ಡಿನ ಹತ್ತಿರ ಬಂದಾಗ ಸದ್ದು ಕೇಳಿಸಿತು.

ಕರ್... ಕರ್... ಕರ್...

ಗರಗಸದ ಬ್ಲೇಡು. ಕಬ್ಬಿಣದ ಮೇಲೆ.

ಜೀಪಿನ ಕೆಳಗಿನಿಂದ ಎರಡು ಕಾಲು ಹೊರಗೆ ಚಾಚಿದ್ದವು. ಬೆಲೆಬಾಳುವ ಬೂಟು. ಕಳಕೇಶ.

ಅವನು ಹೊರಗೆ ಬರುವ ಮೊದಲು ಒಂದು ಸುತ್ತು ನೋಡಿದೆ. ಬಾನೆಟ್ ಮೇಲೆ ಒಣಗಿದ ಚೆಂಡುಹೂವಿನ ಮಾಲೆ. ಬ್ಯಾಟರಿಯ ಜಾಗದಲ್ಲಿ ಟ್ರ್ಯಾಕ್ಟರ್ ಬ್ಯಾಟರಿ, ತೆಂಗಿನ ಹಗ್ಗದಿಂದ ಬಿಗಿದದ್ದು. ಗ್ಯಾರೇಜಿನ ಕೆಲಸ ಮುಗಿಯುವವರೆಗೂ ತಡೆದುಕೊಳ್ಳಲಾಗಿಲ್ಲ ಈ ಮಹಾರಾಯನಿಗೆ. ಮುಂದಿನ ಗಾಲಿಯ ಹಿಂದೆ ಗೇಣುದ್ದದ ಪೈಪು ಹರಿದು ಜೋತಾಡುತ್ತಿತ್ತು. ನೆಲದ ಮೇಲೆ ಒಂದು ಹೊಸ ಪೈಪು ಸಿದ್ಧವಾಗಿತ್ತು. ಹಾಕುವುದಷ್ಟೇ ಬಾಕಿ.

ಟೈರಿನ ಗೆರೆಗಳ ನಡುವೆ ಕಪ್ಪಗೆ ಏನೋ ಹೊಳೆಯಿತು. ಬಗ್ಗಿ ನೋಡಿದೆ.

ಸೀತಾಫಲದ ಬೀಜ.

ಕಳಕೇಶ ಹೊರಗೆ ತೆವಳಿ ಬಂದ. ಬೆವರು ಒರೆಸಿಕೊಂಡ. ನನ್ನನ್ನು ಅವನ ಅಪ್ಪನ ಜೊತೆ ಎರಡು ಸಲ ನೋಡಿದ್ದ.

"ಸಹಿ ಆತೇನ್ರಿ?"

"ಆತು" ಎಂದೆ. ಸುಳ್ಳು ನನಗೆ ಹೊಸದಲ್ಲ.

"ಹಂಗಾರ ಸ್ವಲ್ಪ ಈ ಬ್ಲೇಡ್ ಹಿಡೀರಿ. ಅರ್ಧ ಕೊಯ್ದೀನಿ. ಕೈ ನೋಯಾಕ್ಹತ್ತೈತಿ."

ಬ್ಲೇಡ್ ಮುಟ್ಟಲಿಲ್ಲ. ಟೈರಿನಲ್ಲಿದ್ದ ಬೀಜದತ್ತ ಕೈ ತೋರಿಸಿದೆ.

"ಅವು ಹೋಗವಲ್ವು" ಎಂದ. "ಸ್ಕ್ರೂಡ್ರೈವರ್ ಹಾಕಿ ಕಿತ್ತೆ. ಮತ್ತ ಮತ್ತ ಸಿಗತಾವ. ಥೂ... ಟೈರ್ ಹೊಸಾವರಿ."

ಅವನ ಫೋನ್ ರಿಂಗಾಯಿತು. ಅಪ್ಪನದು. ಶೆಡ್ಡಿನೊಳಗೆ ಮಾತು ಸರಿಯಾಗಿ ಕೇಳುವುದಿಲ್ಲವೆಂದು ಬಾವಿಯ ಕಡೆ ನಡೆದ. ಕೀಲಿ ಜೀಪಿನಲ್ಲೇ ಇತ್ತು.

ಯೋಚನೆ ಮಾಡಲಿಲ್ಲ. ಮಾಡಿದ್ದರೆ ಹತ್ತುತ್ತಿರಲಿಲ್ಲ.

ಟ್ರ್ಯಾಕ್ಟರ್ ಬ್ಯಾಟರಿ ಒಂದೇ ಏಟಿಗೆ ಎಂಜಿನ್ ಎಬ್ಬಿಸಿತು. ಕಳಕೇಶ ಕೂಗುತ್ತ ಓಡಿ ಬಂದ. ನಾನು ಗೇಟು ದಾಟಿದ್ದೆ. ಅವನು ಪಿಕಪ್ ಹತ್ತಿದ.

ಆಮೇಲಿನದು ನಿಮಗೆ ಗೊತ್ತು. ಬ್ರೇಕ್ ಇಲ್ಲ. ಅರ್ಧ ರಾಡ್. ಮತ್ತು ಗುದ್ದು.

ರಸ್ತೆಯಲ್ಲೇ ಇದ್ದರೆ ಮೂರನೇ ಗುದ್ದಿಗೆ ಮಗುಚುತ್ತಿದ್ದೆ. ಎಡಕ್ಕೆ ಹಳ್ಳ. ಮನೆಯಷ್ಟು ಅಲ್ಲದಿದ್ದರೂ ಎಮ್ಮೆಯಷ್ಟು ದೊಡ್ಡ ಬಂಡೆಗಳು. ನಾಲ್ಕೂ ಗಾಲಿಯನ್ನು ನಿಧಾನಕ್ಕೆ ತಿರುಗಿಸುವ ಫೋರ್ ವೀಲ್ ಲೋ ಗೇರಿಗೆ ಹಾಕಿದೆ. ಸ್ಟಿಯರಿಂಗನ್ನು ನಿದ್ದೆಯಲ್ಲಿರುವ ಕೂಸನ್ನು ಹೊರಳಿಸುವ ಹಾಗೆ ಮೆಲ್ಲಗೆ ತಿರುವಿದೆ.

ಜೀಪು ಹಳ್ಳಕ್ಕೆ ಇಳಿಯಿತು.

ಏನು ಹೇಳಲಿ... ಶಫೀಕನ ಕೆಲಸ! ಒಂದೊಂದು ಗಾಲಿಯೂ ತನ್ನ ತನ್ನ ಕಲ್ಲನ್ನು ಹುಡುಕಿಕೊಂಡಿತು. ಒಂದು ಮೇಲೇರಿದರೆ ಒಂದು ಕೆಳಗೆ ಚಾಚಿ ನೆಲ ಹಿಡಿಯಿತು. ಎಂಜಿನ್ನೇ ಗಾಡಿಯನ್ನು ಹಿಡಿದು ಹಿಡಿದು ಇಳಿಸಿತು. ನಮ್ಮಪ್ಪ ಮೊಹರಮ್ಮಿಗೆ ರಿವಾಯತ ಹಾಡುತ್ತಿದ್ದ. ಹೆಜ್ಜೆಗೊಂದು ನುಡಿ, ನುಡಿಗೊಂದು ತಡೆ. ನನ್ನ ತುಟಿ ತಾನಾಗಿ ಅದನ್ನೇ ಅನ್ನತೊಡಗಿತ್ತು. ಗಾಲಿ ಆ ಲೆಕ್ಕಕ್ಕೇ ಇಳಿಯಿತು.

ಪಿಕಪ್ಪೂ ಹಿಂದೆ ಇಳಿಯಲು ನೋಡಿತು. ಮೊದಲ ಬಂಡೆಗೇ ಹೊಟ್ಟೆ ಸಿಕ್ಕಿಸಿಕೊಂಡು ಕೂತಿತು. ಹಿಂದಿನ ಗಾಲಿಗಳು ಗಾಳಿಯಲ್ಲಿ ಗರಗರ ತಿರುಗಿದವು.

ಹಳ್ಳ ಮುಗಿದಲ್ಲಿ ರಸ್ತೆ. ರಸ್ತೆ ಮುಗಿದಲ್ಲಿ ಮುಂಡರಗಿ. ಲೋ ಗೇರಿನಲ್ಲೇ, ಎತ್ತಿನ ಗಾಡಿಯ ವೇಗದಲ್ಲಿ, ಹಾರ್ನ್ ಒತ್ತುತ್ತ ಹೊರಟೆ. ಎತ್ತ ಒಯ್ಯಬೇಕೆಂಬುದು ಅಷ್ಟರಲ್ಲಿ ಖಚಿತವಾಗಿತ್ತು. ಠಾಣೆಗಲ್ಲ. ಠಾಣೆಯವರೇ ತಾನೇ ಶೆಡ್ಡಿಗೆ ಬಿಟ್ಟವರು. ಜನರ ನಡುವೆ ಒಯ್ಯಬೇಕು.

ಮಾರ್ಕೆಟ್ ತಿರುವಿನಲ್ಲಿ ಟಪ್ ಎಂದಿತು. ಸ್ಟಿಯರಿಂಗ್ ನನ್ನ ಕೈಯಲ್ಲಿ ಸುಮ್ಮನೆ ಸುತ್ತತೊಡಗಿತು. ಉಳಿದರ್ಧ ರಾಡೂ ಹೋಗಿತ್ತು. ಜೀಪು ತನಗೆ ಬೇಕಾದತ್ತ ಹೊರಟಿತು. ಅದೃಷ್ಟಕ್ಕೆ ಆ ಕಡೆ ಎಣ್ಣೆ ಗಾಣದವರು ಸೇಂಗಾ ಹೊಟ್ಟಿನ ರಾಶಿ ಹಾಕಿದ್ದರು. ಮೂಗು ತೂರಿಸಿ ನಿಂತಿತು. ಎಂಜಿನ್ ಆರಿಸಿದೆ. ಹೊಟ್ಟು ಉಗುಳುತ್ತ ಇಳಿದೆ.

ಎರಡು ನಿಮಿಷದಲ್ಲಿ ನೂರು ಜನ. ನೂರು ಫೋನು. ನನಗೆ ಬೇಕಿದ್ದದ್ದು ಅದೇ. ಒಬ್ಬೊಬ್ಬರನ್ನೇ ಬಗ್ಗಿಸಿ ತೋರಿಸಿದೆ. ಹರಿದ ಪೈಪು. ಟ್ರ್ಯಾಕ್ಟರ್ ಬ್ಯಾಟರಿ. ರಾಡಿನ ತುಂಡು: ಅರ್ಧ ಗರಗಸದ ನುಣುಪು ಹೊಳಪು, ಅರ್ಧ ಈಗಷ್ಟೇ ಹರಿದ ಒರಟು. ಶಫೀಕನ ಬೆಸುಗೆ ಪಕ್ಕದಲ್ಲಿ ಹಾಗೇ ಗಟ್ಟಿಯಾಗಿತ್ತು. ಎಂಟು ದಿನದ ಹಿಂದೆ ಮುರಿದದ್ದಾದರೆ ಇವತ್ತು ಇಲ್ಲಿಯವರೆಗೆ ಹೇಗೆ ಬಂತು ಎಂದು ಕೇಳಿದೆ. ಗಾಡಿ ಇನ್‌ಸ್ಪೆಕ್ಟರಿಗೂ ಫೋನ್ ಮಾಡಿದೆ. ಹೊರಟೆ ಎಂದ.

ಕಳಕೇಶ ಯಾರದೋ ಬೈಕಿನ ಹಿಂದೆ ಕೂತು ಬಂದ. ಇಳಿದವನೇ ಜನರ ಕಡೆ ತಿರುಗಿದ.

"ನನ್ನ ಗಾಡಿ ಕದ್ದಾನ್ರಿ ಇಂವ. ಅದೂ ಬ್ರೇಕಿಲ್ಲದ ಗಾಡೀನ ಮಂದಿಯೊಳಗ ಹೊಡಕೊಂಡ ಬಂದಾನ. ಜನರ ಜೀವದ ಖಬರ ಐತೇನು ಇವಂಗ?"

ನಾನು ಮೆಲ್ಲಗೆ ಕೇಳಿದೆ.

"ಬ್ರೇಕಿಲ್ಲಂತ ನಿನಗ ಯಾರ ಹೇಳಿದ್ರೋ ತಮ್ಮಾ? ನೀ ಪೊಲೀಸರಿಗೆ ಬ್ರೇಕು ಸರಿ ಇತ್ತಂತ ಬರಕೊಟ್ಟಿ."

ಕಳಕೇಶ ಸುತ್ತ ನೋಡಿದ. ಒಂದು ಫೋನೂ ಕೆಳಗಿಳಿದಿರಲಿಲ್ಲ.

ಬೈಕಿನವನೂ ಮೆಲ್ಲಗೆ ಹಿಂದೆ ಸರಿದು, ಕಿಕ್ ಹೊಡೆದು ಹೋಗಿಬಿಟ್ಟ.

ಕಳಕೇಶ ಈಗ ಒಳಗಿದ್ದಾನೆ. ಎಷ್ಟು ದಿನ, ಹೇಳಲಾರೆ. ಶಫೀಕನ ಹೆಸರು ಸಾವಿನ ಕೇಸಿನಿಂದ ಹೊರಬಂತು. ಪರವಾನಗಿ ಇಲ್ಲದೆ ಗಾಡಿ ಎತ್ತರಿಸಿದ್ದಕ್ಕೆ ನೋಟಿಸ್ ಬಂದಿದೆ. ಅದನ್ನು ಒಪ್ಪಿಕೊಂಡ. ನನ್ನ ಮೇಲೆ ಗೋಣೆಪ್ಪ ಕಳವಿನ ಕೇಸು ಹಾಕಿದ್ದಾನೆ. ಅದನ್ನು ನಾನೂ ಒಪ್ಪಿಕೊಂಡೆ. ಕದ್ದದ್ದು ಹೌದಲ್ಲ.

ಮುಂಡರಗಿಯ ಆ ವಿಡಿಯೋ ಊರೂರು ತಿರುಗಿತು. ಹಳ್ಳದ ಆಚೆ ದಂಡೆಯಿಂದ ಯಾವನೋ ಕುರಿಯವನು ನಾನು ಇಳಿದದ್ದನ್ನೂ ಹಿಡಿದಿದ್ದ. ಜನ ನೋಡಿದ್ದು ಹೆಚ್ಚಾಗಿ ಅದನ್ನೇ.

ಮೊನ್ನೆ ಶಫೀಕನ ಗ್ಯಾರೇಜಿನಲ್ಲಿ ಚಹಾ ಕುಡಿಯುತ್ತಿದ್ದೆ. ಒಬ್ಬ ಹಳೆಯ ಜೀಪು ತಂದು ನಿಲ್ಲಿಸಿದ. ಕಪ್ಪು ಕನ್ನಡಕ. ಗದುಗಿನವನೇ. ವಿಡಿಯೋ ತೋರಿಸಿದ. ಇದಕ್ಕಿಂತ ಎತ್ತರ ಬೇಕೆಂದ.

ಶಫೀಕ ಶಾಂತವಾಗಿ ಹೇಳಿದ. ಮೊದಲು ಪರವಾನಗಿ, ಆಮೇಲೆ ಬ್ರೇಕು, ಪೈಪು. ಎತ್ತರ ಕೊನೆಗೆ. ಎರಡು ತಿಂಗಳು ಹಿಡಿಯುತ್ತದೆ.

"ಪೈಪು ಯಾರಿಗೆ ಕಾಣತೈತಣ್ಣಾ?" ಎಂದ ಅವನು. "ನೀ ಎರಡ ಇಂಚು ಜಾಸ್ತಿ ಎತ್ತು, ಸಾಕು."

ಶಫೀಕ ಎದ್ದು ಒಳಗೆ ಹೋದ. ಅವನು ಬಿಡದೆ ಬೆನ್ನು ಹತ್ತಿದ.

ನಾನು ಚಹಾ ಮುಗಿಸಿದೆ. ಹೊರಗೆ ಬಂದೆ. ಆ ಜೀಪಿನ ನಾಲ್ಕೂ ಗಾಲಿಯ ಗಾಳಿ ಬಿಟ್ಟೆ.

ಎರಡು ಇಂಚು ಕೇಳಿದ್ದ. ನಾಲ್ಕು ಇಂಚು ಇಳಿಸಿ ಮನೆಗೆ ಬಂದೆ.